ಎರಡು ಫೆಬ್ರವರಿ 23

ವೀಕ್ಷಕರೇ, ಇವತ್ತು ಒಂದು ತಾರೀಖಿನಿಂದ ಮಾತು ಶುರು ಮಾಡ್ತೀನಿ. ಫೆಬ್ರವರಿ 23. ನಮ್ಮ ಬೆಂಗಳೂರಿನ ಮಟ್ಟಿಗೆ ಈ ತಾರೀಖು ಎರಡು ಸಲ ಹೊತ್ತಿ ಉರಿದಿದೆ. ಎರಡೂ ಸಲ ನಾನು ಯಲಹಂಕದಲ್ಲೇ ಇದ್ದೆ. ಮೊದಲ ಸಲ ವಿದ್ಯಾರ್ಥಿಯಾಗಿ, ಟಿವಿ ಮುಂದೆ. ಎರಡನೇ ಸಲ ವರದಿಗಾರನಾಗಿ, ಕೈಯಲ್ಲಿ ಮೈಕ್ ಹಿಡಿದು.

ಮೊದಲನೆಯದು 2010. ಆಗ ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಯಲಹಂಕದ ಒಂದು ಪೇಯಿಂಗ್ ಗೆಸ್ಟ್ ಮನೆಯಲ್ಲಿ ವಾಸ. ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಕೆಳಗಿನ ಹಾಲ್‌ನಲ್ಲಿ ಎಲ್ಲರೂ ಟಿವಿ ಮುಂದೆ ನಿಂತಿದ್ದಾರೆ. ಯಾರೂ ಕೂತಿಲ್ಲ. ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ಏಳು ಮಹಡಿಯ ಕಚೇರಿ ಕಟ್ಟಡ. ಕಿಟಕಿಯ ಗಾಜು ಒಡೆದುಕೊಂಡು ಜನ ಹೊರಗೆ ಕೈ ಚಾಚುತ್ತಿದ್ದಾರೆ. ಕಪ್ಪು ಹೊಗೆ. ಆಮೇಲೆ ಕೆಲವರು ಜಿಗಿದರು. ಆ ದೃಶ್ಯ ನೋಡಿದವರು ಯಾರೂ ಅದನ್ನ ಮರೆತಿಲ್ಲ. ಅವತ್ತು ಒಂಬತ್ತು ಜನ ಸತ್ತರು. ಕೆಲವರು ಉಸಿರುಗಟ್ಟಿ, ಕೆಲವರು ಜಿಗಿದು. ಹತ್ತಾರು ಜನ ಗಾಯಗೊಂಡರು.

ಎರಡನೆಯದು 2019. ಸರಿಯಾಗಿ ಒಂಬತ್ತು ವರ್ಷ ಆದಮೇಲೆ, ಅದೇ ಫೆಬ್ರವರಿ 23, ಶನಿವಾರ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ. ಆಕಾಶದ ಕಡೆ ಕ್ಯಾಮೆರಾ ಇಟ್ಟುಕೊಂಡಿದ್ದ ನಾವೆಲ್ಲ ಇದ್ದಕ್ಕಿದ್ದ ಹಾಗೆ ನೆಲದ ಕಡೆ ತಿರುಗಬೇಕಾಯಿತು. ವಾಹನ ನಿಲ್ದಾಣದ ಒಣಹುಲ್ಲಿಗೆ ಬೆಂಕಿ ಬಿದ್ದಿತ್ತು. ಗಾಳಿ ಜೋರಾಗಿತ್ತು. ಒಂದು ಕಾರಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ನೋಡ್ತಾ ನೋಡ್ತಾ ಸುಮಾರು 300 ಕಾರು ಬೂದಿ. ಪುಣ್ಯಕ್ಕೆ ಜೀವ ಹೋಗಲಿಲ್ಲ.

ಬೆಂಕಿ ನಿಂತಿದ್ದು ಹೇಗೆ ಗೊತ್ತಾ? ನೀರಿನಿಂದ ಮಾತ್ರ ಅಲ್ಲ. ಇನ್ನೂ ಹೊತ್ತದ ಪಕ್ಕದ ಕಾರುಗಳನ್ನು ಪಕ್ಕಕ್ಕೆ ಸರಿಸಿ, ನಡುವೆ ಖಾಲಿ ಜಾಗ ಮಾಡಿದರು. ಬೆಂಕಿಗೆ ದಾಟೋಕೆ ಏನೂ ಸಿಗಲಿಲ್ಲ, ಅಲ್ಲಿಗೆ ನಿಂತಿತು. ಅಗ್ನಿಶಾಮಕ ಶಾಸ್ತ್ರದ ಮೊದಲ ಪಾಠ ಇಷ್ಟೇ: ನಡುವೆ ಜಾಗ ಬಿಡಿ. ಈ ಪಾಠವನ್ನ ಮನಸ್ಸಲ್ಲಿಟ್ಟುಕೊಳ್ಳಿ. ಇದಕ್ಕೆ ಮತ್ತೆ ಬರ್ತೀನಿ.

ಈಗ ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರ್ಕೊಂಡು ಹೋಗ್ತೀನಿ. ಯಾಕಂದ್ರೆ ನಮ್ಮ ನಾಡಿನಲ್ಲಿ ಕಟ್ಟಡ ಮತ್ತು ಬೆಂಕಿಯ ಕತೆ ಕಾರ್ಲ್‌ಟನ್‌ನಿಂದ ಶುರು ಆಗಿದ್ದಲ್ಲ.

1897, ಅದೂ ಫೆಬ್ರವರಿ ತಿಂಗಳೇ. ಮೈಸೂರು ಅರಮನೆಯಲ್ಲಿ ಮದುವೆ ಸಂಭ್ರಮ. ಹತ್ತನೇ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷಮ್ಮಣ್ಣಿ ಅವರ ವಿವಾಹ. ಆ ಸಂಭ್ರಮದ ನಡುವೆ ಹಳೆಯ ಮರದ ಅರಮನೆ ಹೊತ್ತಿಕೊಂಡಿತು, ಬಹುಪಾಲು ಸುಟ್ಟುಹೋಯಿತು. ನಾವಿವತ್ತು ದಸರಾದಲ್ಲಿ ದೀಪ ಹಚ್ಚಿ ನೋಡುವ ಅರಮನೆ ಅದಲ್ಲ, ಅದರ ಬೂದಿಯ ಮೇಲೆ ಎದ್ದದ್ದು. ಆಗ ರೀಜೆಂಟ್ ಆಗಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನ. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. 1912ರಲ್ಲಿ ಕೆಲಸ ಮುಗಿಯಿತು. ಖರ್ಚು 41 ಲಕ್ಷ ರೂಪಾಯಿ ಚಿಲ್ಲರೆ.

ಆ ಹೊಸ ಅರಮನೆಯನ್ನ ಒಬ್ಬ ಎಂಜಿನಿಯರಿಂಗ್ ಪದವೀಧರನ ಕಣ್ಣಲ್ಲಿ ನೋಡಿ. ಮರ ಎಲ್ಲಿತ್ತೋ ಅಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣ. ನಾವು ಆ ಕಂಬಗಳ ಮುಂದೆ ನಿಂತು ಸೆಲ್ಫಿ ತಗೊಳ್ತೀವಿ, ಅಂದ ನೋಡ್ತೀವಿ. ಆದರೆ ಮದುವೆ ಮನೆಯಲ್ಲಿ ಬೆಂಕಿ ಕಂಡ ಒಂದು ಮನೆತನ ಮುಂದಿನ ಮದುವೆ ಮಂಟಪವನ್ನು ಕಬ್ಬಿಣದಲ್ಲಿ ಕಟ್ಟಿಸಿತು. ಒಮ್ಮೆ ಸುಟ್ಟಿತು, ಒಮ್ಮೆ ಕಲಿತರು.

ಆಮೇಲೆ ವಿದ್ಯುತ್ ಬಂತು. 1905ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಬೆಂಗಳೂರಿಗೆ ದೀಪ ಹಚ್ಚಿದರು. ಅಲ್ಲಿಯವರೆಗೆ ಬೆಂಕಿ ಅಂದರೆ ಒಲೆ, ಹಣತೆ, ಸೀಮೆಎಣ್ಣೆ ಬುಡ್ಡಿ. ಕಣ್ಣಿಗೆ ಕಾಣುತ್ತಿತ್ತು. ವಿದ್ಯುತ್ತಿನ ಜೊತೆ ಗೋಡೆಯ ಒಳಗೆ, ಕಣ್ಣಿಗೆ ಕಾಣದ ಹಾಗೆ ಹೊತ್ತುವ ಬೆಂಕಿಯೂ ಬಂತು.

1964ರಲ್ಲಿ ನಮ್ಮ ರಾಜ್ಯಕ್ಕೆ ಅಗ್ನಿಶಾಮಕ ದಳ ಕಾಯ್ದೆ ಬಂತು. 1970ರಲ್ಲಿ ದೇಶಕ್ಕೆ ಮೊದಲ ರಾಷ್ಟ್ರೀಯ ಕಟ್ಟಡ ಸಂಹಿತೆ. ಅದರ ನಾಲ್ಕನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲು. ಅದೇ ದಶಕದಲ್ಲಿ ಎಂ.ಜಿ. ರಸ್ತೆಯಲ್ಲಿ ಯುಟಿಲಿಟಿ ಬಿಲ್ಡಿಂಗ್ ಎದ್ದು ನಿಂತಿತು. ಊರಿನಿಂದ ಬಂದವರು ಕತ್ತೆತ್ತಿ ಮಹಡಿ ಎಣಿಸೋರು. ಸಂಹಿತೆ 1983, 2005, 2016ರಲ್ಲಿ ಪರಿಷ್ಕರಣೆ ಆಯಿತು. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಸಂಹಿತೆ ಅನ್ನೋದು ಸಲಹೆ. ರಾಜ್ಯ ಸರ್ಕಾರ, ನಗರಪಾಲಿಕೆ ಅದನ್ನ ತನ್ನ ನಿಯಮ ಅಂತ ಮಾಡಿಕೊಂಡಾಗ ಮಾತ್ರ ಅದಕ್ಕೆ ಹಲ್ಲು ಬರುತ್ತೆ. ಪುಸ್ತಕದಲ್ಲಿದ್ದ ಮಾತ್ರಕ್ಕೆ ಕಟ್ಟಡದಲ್ಲಿ ಇರಬೇಕು ಅಂತೇನಿಲ್ಲ.

ಅದರ ನಡುವೆ ನಮ್ಮಲ್ಲಿ ಏನೇನಾಯ್ತು? 1981ರ ಫೆಬ್ರವರಿ 7. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ. 90ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ನಿಮ್ಮ ಮನೆಯಲ್ಲಿ ಐವತ್ತು ದಾಟಿದವರು ಯಾರಾದರೂ ಇದ್ದರೆ ಕೇಳಿ ನೋಡಿ, ಒಂದು ನಿಮಿಷ ಮಾತು ನಿಲ್ಲಿಸ್ತಾರೆ. 1989ರ ಫೆಬ್ರವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೋ. ಸಂಜಯ್ ಖಾನ್ ಅವರ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣ. ಗೋಡೆಗೆ ಗೋಣಿಚೀಲ ಹೊದಿಸಿತ್ತು, ವೈರಿಂಗ್ ಸಡಿಲ, ಗಾಳಿ ಹೊರಹೋಗಲು ದಾರಿ ಇಲ್ಲ. 62 ಜನ ಸತ್ತರು. ಸಂಜಯ್ ಖಾನ್ ಕೂಡ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು.

ಮತ್ತೆ ಮತ್ತೆ ಫೆಬ್ರವರಿ ಯಾಕೆ ಅಂತ ಕೇಳ್ತೀರಾ? ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅಂತಾರಲ್ಲ, ಆ ಹೊತ್ತಿಗೆ ಹುಲ್ಲು, ಎಲೆ, ಬಟ್ಟೆ ಎಲ್ಲಾ ಒಣಗಿರುತ್ತೆ. ಯಲಹಂಕದ ಹುಲ್ಲಿಗೆ ಆ ಮಾತು ಒಪ್ಪುತ್ತೆ. ಆದರೆ ಕಾರ್ಲ್‌ಟನ್‌ಗೆ ಒಪ್ಪಲ್ಲ. ಕಟ್ಟಡದ ಒಳಗಿನ ವೈರಿಗೆ ಋತುಮಾನ ಇಲ್ಲ. ತಾರೀಖು ಕಾಕತಾಳೀಯ. ಅದನ್ನ ನೆನಪಿಟ್ಟುಕೊಳ್ಳೋಕೆ ಬಳಸೋಣ, ಶಾಸ್ತ್ರ ಹೇಳೋಕೆ ಬೇಡ.

ಹಾಗಾದರೆ ಕಾರ್ಲ್‌ಟನ್‌ನಲ್ಲಿ ಆಗಿದ್ದೇನು? ಹೊಗೆ ಬಂದಿದ್ದು ವಿದ್ಯುತ್ ಕೇಬಲ್ ಹೋಗುವ ಡಕ್ಟ್‌ನಿಂದ. ಪ್ರತಿ ದೊಡ್ಡ ಕಟ್ಟಡದಲ್ಲೂ ನೆಲದಿಂದ ತಾರಸಿವರೆಗೆ ಇಂಥದ್ದೊಂದು ಕೊಳವೆ ಇರುತ್ತೆ. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ಸಣ್ಣ ಬಾಗಿಲು ಇದೆ ನೋಡಿ, ಪೊರಕೆ, ಬಕೆಟ್ ಇಡ್ತಾರಲ್ಲ, ಅದರ ಹಿಂದೆ. ಹಳ್ಳಿ ಮನೆಯ ಹೊಗೆಗೂಡು ಹೇಗೆ ಕೆಲಸ ಮಾಡುತ್ತೆ? ಬಿಸಿ ಗಾಳಿ ಹಗುರ, ಮೇಲಕ್ಕೆ ಏರುತ್ತೆ, ಕೆಳಗಿನಿಂದ ಹೊಸ ಗಾಳಿಯನ್ನ ಎಳೆದುಕೊಳ್ಳುತ್ತೆ. ಈ ಕೇಬಲ್ ಕೊಳವೆಯೂ ಅಷ್ಟೇ. ಪ್ರತಿ ಮಹಡಿಯಲ್ಲಿ ಅದನ್ನ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚದಿದ್ದರೆ, ಏಳು ಮಹಡಿಯ ಕಟ್ಟಡ ಒಂದೇ ಒಂದು ಹೊಗೆಗೂಡು. ಕೆಳಗೆ ಸುಡೋದು ಒಂದಿಷ್ಟು ಕೇಬಲ್ ಹೊದಿಕೆ, ಮೇಲೆ ಉಸಿರುಗಟ್ಟೋದು ಮನುಷ್ಯ.

ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಳ್ಳಿ. ಕಟ್ಟಡದ ಬೆಂಕಿಯಲ್ಲಿ ಜನ ಸಾಯೋದು ಹೆಚ್ಚಾಗಿ ಜ್ವಾಲೆಯಿಂದಲ್ಲ, ಹೊಗೆಯಿಂದ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಅದು ಕೂತುಬಿಡುತ್ತೆ. ಹೊಗೆ ತುಂಬಿದ ಮೆಟ್ಟಿಲಿನಲ್ಲಿ ನಿಮಗಿರೋದು ನಿಮಿಷಗಳ ಲೆಕ್ಕ. ಅಂಥ ಹೊತ್ತಲ್ಲಿ ತುರ್ತು ಬಾಗಿಲಿಗೆ ಓಡಿದರೆ? ಕಾರ್ಲ್‌ಟನ್‌ನಲ್ಲಿ ತುರ್ತು ದಾರಿಗೆ ಬೀಗ ಬಿದ್ದಿತ್ತು ಅಂತ ಅವತ್ತು ವರದಿ ಆಯಿತು.

ಬೀಗ. ಈ ಶಬ್ದ ಹೊಸದಲ್ಲ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯಲ್ಲಿ 146 ಜನ ಸತ್ತರು, ಹೆಚ್ಚಿನವರು ಹೆಣ್ಣುಮಕ್ಕಳು. ಅಲ್ಲೂ ಬಾಗಿಲಿಗೆ ಬೀಗ. ಅಲ್ಲೂ ಕಿಟಕಿಯಿಂದ ಜಿಗಿದರು. ಕಾರ್ಲ್‌ಟನ್‌ಗೂ ಅದಕ್ಕೂ 99 ವರ್ಷದ ಅಂತರ. ಬೀಗ ಹಾಕೋಕೆ ಎಲ್ಲರ ಹತ್ತಿರವೂ ಒಳ್ಳೆ ಕಾರಣ ಇರುತ್ತೆ. ಕಳ್ಳತನ ಆಗುತ್ತೆ ಸಾರ್, ಹೊರಗಿನವರು ಬರ್ತಾರೆ ಸಾರ್, ಸೆಕ್ಯುರಿಟಿ ಸಾರ್.

ಕಾರ್ಲ್‌ಟನ್‌ನಿಂದ ಎರಡು ಒಳ್ಳೆಯದಾಯಿತು. ಒಂದು, ಅಲ್ಲಿ ತಮ್ಮವರನ್ನ ಕಳೆದುಕೊಂಡವರು ಮತ್ತು ಅವರ ಜೊತೆಗಿದ್ದವರು ಸುಮ್ಮನೆ ಮನೆಗೆ ಹೋಗಲಿಲ್ಲ. ಬಿಯಾಂಡ್ ಕಾರ್ಲ್‌ಟನ್ ಅನ್ನುವ ಸಂಸ್ಥೆ ಹುಟ್ಟಿತು. ಅಗ್ನಿ ಸುರಕ್ಷತೆ ಬಗ್ಗೆ ಅಲ್ಲಿಂದ ಇಲ್ಲಿಯವರೆಗೆ ಅದು ಮಾತಾಡುತ್ತಲೇ ಇದೆ. ಎರಡು, 2011ರ ಜುಲೈನಲ್ಲಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿತು. ಅಲ್ಲಿಯವರೆಗೆ ಅಗ್ನಿಶಾಮಕ ಇಲಾಖೆಯ ಅನುಮತಿ ಅಂದರೆ ಕಟ್ಟುವಾಗ ಒಮ್ಮೆ ತಗೊಳ್ಳುವ ಪತ್ರ. ಹುಟ್ಟುವಾಗ ಒಂದು ಜಾತಕ ಬರೆಸಿದ ಹಾಗೆ. ಈ ಅಧಿಸೂಚನೆಯ ನಂತರ ಆಗಲೇ ಕಟ್ಟಿ ನಿಂತಿರುವ ಎತ್ತರದ ಕಟ್ಟಡಗಳೂ ಲೆಕ್ಕಕ್ಕೆ ಬಂದವು. ಎರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ, ಮತ್ತೆ ಪತ್ರ.

ನನ್ನ ಪ್ರಕಾರ ಇದು ಸಣ್ಣ ತಿದ್ದುಪಡಿ ಅಲ್ಲ. ಕಟ್ಟಡ ಅಂದರೆ ನಿಂತ ವಸ್ತು ಅಂತ ತಿಳಿದಿದ್ದೆವು. ಅದು ನಿಂತ ವಸ್ತು ಅಲ್ಲ. ಹತ್ತು ವರ್ಷದಲ್ಲಿ ಎಸಿ ಎರಡು ಪಟ್ಟು ಆಗುತ್ತೆ, ಕೇಬಲ್ ಮಾತ್ರ ಅದೇ ಇರುತ್ತೆ. ಕಾರ್ ಪಾರ್ಕಿಂಗ್ ಗೋದಾಮು ಆಗುತ್ತೆ. ತಾರಸಿ ಹೋಟೆಲ್ ಆಗುತ್ತೆ. ಪಂಪಿನ ಬ್ಯಾಟರಿ ಸಾಯುತ್ತೆ. ಹೊಸ ಕಟ್ಟಡದ ನಕ್ಷೆ ಸರಿಯಿದ್ದರೆ ಸಾಲದು, ಹಳೇ ಕಟ್ಟಡದ ನಡವಳಿಕೆ ಸರಿಯಿರಬೇಕು. ಅದನ್ನ ನೋಡುವುದೇ ಫೈರ್ ಆಡಿಟ್.

ಆದರೆ ಎತ್ತರದ ಕಟ್ಟಡ ಅಂದರೆ ಎಷ್ಟು ಎತ್ತರ? ಇಲ್ಲಿದೆ ನೋಡಿ ಸ್ವಾರಸ್ಯ. ರಾಷ್ಟ್ರೀಯ ಸಂಹಿತೆ 15 ಮೀಟರ್ ಅನ್ನುತ್ತೆ. ನಮ್ಮ ರಾಜ್ಯದಲ್ಲಿ ಈಗ ಆ ಗೆರೆ 21 ಮೀಟರ್. ಗೆರೆಯ ಮೇಲಿನವರು ಇಲಾಖೆಗೆ ಹೋಗಬೇಕು. ಗೆರೆಯ ಕೆಳಗಿನವರು?

2010ರ ಆ ರಾತ್ರಿಗೆ ವಾಪಸ್ ಬರ್ತೀನಿ. ಟಿವಿ ಆರಿಸಿ ನಾವು ಹುಡುಗರು ರೂಮಿಗೆ ಹತ್ತುವಾಗ ಮೊದಲ ಸಲ ನಮ್ಮ ಮೆಟ್ಟಿಲನ್ನ ನೋಡಿದೆವು. ದಿನಾ ಹತ್ತುತ್ತಿದ್ದೆವು, ನೋಡಿರಲಿಲ್ಲ. ಕೆಳಗೆ ಮೀಟರ್ ಬೋರ್ಡುಗಳ ಸಾಲು. ಅದರ ಪಕ್ಕ ಅಡುಗೆಮನೆಗೆ ಅಂತ ಆರು ಗ್ಯಾಸ್ ಸಿಲಿಂಡರ್. ಮೆಟ್ಟಿಲ ಮೇಲೆ ನಮ್ಮದೇ ಶೂ, ಹಳೇ ಹಾಸಿಗೆ. ತಾರಸಿ ಬಾಗಿಲಿಗೆ ಬೀಗ, ಹುಡುಗರು ಸಿಗರೇಟ್ ಸೇದ್ತಾರೆ ಅಂತ. ಮಾರನೇ ದಿನ ಮಾಲೀಕರನ್ನ ಕೇಳಿದೆವು. ಅವರು ಕೆಟ್ಟವರಲ್ಲ, ಜ್ವರ ಬಂದರೆ ಗಂಜಿ ಕಳಿಸುತ್ತಿದ್ದವರು. ಅವರು ನಗುತ್ತಾ ಹೇಳಿದರು, ‘ಅದೆಲ್ಲ ದೊಡ್ಡ ಬಿಲ್ಡಿಂಗಿಗೆ ಕಣ್ರಪ್ಪಾ, ನಮ್ದು ಮೂರೇ ಫ್ಲೋರು.’ ಸಿಲಿಂಡರ್ ಅಲ್ಲೇ ಉಳಿದವು. ನಾವೂ ಎರಡು ದಿನ ಕಳೆದು ಮರೆತೆವು.

ಈಗ ಉತ್ತರ ಬೆಂಗಳೂರನ್ನ ಒಂದು ಸುತ್ತು ಹಾಕೋಣ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಹೆಬ್ಬಾಳದಿಂದ ಆಚೆ ತೋಟ, ದ್ರಾಕ್ಷಿ, ಹೊಲ ಇದ್ದ ಜಾಗದಲ್ಲಿ ಗೋಪುರಗಳೆದ್ದವು. ಇವು ಗೆರೆಯ ಮೇಲಿನವು. ಇವುಗಳಲ್ಲಿ ಕೊನೇಪಕ್ಷ ಸ್ಪ್ರಿಂಕ್ಲರ್, ಪಂಪು, ನೀರಿನ ಟ್ಯಾಂಕು ಕಟ್ಟುವಾಗಲೇ ಹಾಕಿರ್ತಾರೆ. ಅದು ಕೆಲಸ ಮಾಡುತ್ತಾ ಅನ್ನೋದು ಬೇರೆ ಪ್ರಶ್ನೆ.

ಆದರೆ ಆರ್.ಟಿ. ನಗರಕ್ಕೆ ಬನ್ನಿ. ರವೀಂದ್ರನಾಥ ಟ್ಯಾಗೋರರ ಹೆಸರಿನ ಬಡಾವಣೆ. ಮನೆ, ಮುಂದೆ ಮಲ್ಲಿಗೆ ಬಳ್ಳಿ, ಹಿಂದೆ ತೆಂಗಿನಮರ ಅಂತ ಯೋಚನೆ ಮಾಡಿದ ಸೈಟುಗಳು. ಇವತ್ತು ಅದೇ ಮೂವತ್ತು ನಲವತ್ತರ ಸೈಟಿನಲ್ಲಿ ಕೆಳಗೆ ಅಂಗಡಿ, ಮೊದಲ ಮಹಡಿ ಕ್ಲಿನಿಕ್, ಎರಡನೇ ಮಹಡಿ ಟ್ಯೂಷನ್, ಮೇಲೆ ಪಿಜಿ. ಒಂದೇ ಮೆಟ್ಟಿಲು. ಸುತ್ತ ಬಿಡಬೇಕಾದ ಜಾಗ ಎಲ್ಲಿ? ಒಂದು ಕಡೆ ಜನರೇಟರ್, ಇನ್ನೊಂದು ಕಡೆ ಶೆಡ್. ಯಲಹಂಕದ ಮೈದಾನದಲ್ಲಿ ಕಾರು ಸರಿಸಿ ಖಾಲಿ ಜಾಗ ಮಾಡಿದರಲ್ಲ? ಇಲ್ಲಿ ಏನನ್ನ ಸರಿಸ್ತೀರಿ? ಗೋಡೆಯನ್ನಾ? ಸೆಟ್‌ಬ್ಯಾಕ್ ಅನ್ನೋದು ಗಾಳಿ ಬೆಳಕಿಗೆ ಮಾತ್ರ ಅಂತ ತಿಳ್ಕೊಂಡಿದ್ದೀವಿ. ಅದು ಬೆಂಕಿ ದಾಟದಿರಲಿ ಅಂತ ಬಿಡುವ ಜಾಗ. ಬೆಂಕಿ ನಂದಿಸುವವರು ಬರಲಿ ಅಂತ ಬಿಡುವ ಜಾಗ.

ಯಶವಂತಪುರದ ಕಡೆ ಹೋದರೆ ಎಪಿಎಂಸಿ ಯಾರ್ಡು, ಗೋದಾಮು, ಗೋಣಿಚೀಲ, ಅದಕ್ಕೆ ಅಂಟಿಕೊಂಡ ವಾಸದ ಮನೆ. ಕೆಳಗೆ ಸರಕು, ಮೇಲೆ ಸಂಸಾರ. ಈ ಜೋಡಣೆ ಎಷ್ಟು ಅಪಾಯ ಅಂತ 2025ರ ಆಗಸ್ಟ್ 16ರ ನಸುಕಿನಲ್ಲಿ ನಗರ್ತಪೇಟೆ ತೋರಿಸಿತು. ಕೆಂಪೇಗೌಡರ ಕಾಲದ ಪೇಟೆಯ ಇಕ್ಕಟ್ಟಾದ ಬೀದಿ. ಕೆಳಗೆ ಪ್ಲಾಸ್ಟಿಕ್ ಸಾಮಾನು, ಮೇಲೆ ನಿದ್ದೆಯಲ್ಲಿದ್ದ ಕುಟುಂಬ. ಐದು ಜನ ಹೋದರು. 2018ರ ಜನವರಿ 8ರಂದು ಕಲಾಸಿಪಾಳ್ಯದ ಬಾರ್ ಒಂದರಲ್ಲಿ ಒಳಗೇ ಮಲಗಿದ್ದ ಐದು ಮಂದಿ ಕೆಲಸಗಾರರು ಹೋಗಿದ್ದೂ ಹೀಗೇ, ಹೊಗೆಗೆ. 2024ರ ನವೆಂಬರ್‌ನಲ್ಲಿ ಡಾ. ರಾಜ್‌ಕುಮಾರ್ ರಸ್ತೆಯ ವಿದ್ಯುತ್ ಸ್ಕೂಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗಿ ಹೊರಗೆ ಬರಲೇ ಇಲ್ಲ. ಇವು ಗಗನಚುಂಬಿಗಳಲ್ಲ. ನಮ್ಮ ನಿಮ್ಮ ಬೀದಿಯ ಕಟ್ಟಡಗಳು.

ಸರ್ಕಾರಿ ಕಟ್ಟಡ ಸುರಕ್ಷಿತ ಅಂತೀರಾ? 2023ರ ಆಗಸ್ಟ್ 11ರಂದು ಬೆಂಕಿ ಬಿದ್ದಿದ್ದು ಬಿಬಿಎಂಪಿ ಕೇಂದ್ರ ಕಚೇರಿ ಆವರಣದ ಗುಣ ನಿಯಂತ್ರಣ ಪ್ರಯೋಗಾಲಯಕ್ಕೆ. ಒಂಬತ್ತು ಮಂದಿ ನೌಕರರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಮುಖ್ಯ ಎಂಜಿನಿಯರ್ ಒಬ್ಬರು ಆಮೇಲೆ ತೀರಿಕೊಂಡರು. ಊರಿನ ಗುಣಮಟ್ಟ ಅಳೆಯುವ ಕೋಣೆಯಲ್ಲೇ ಹೀಗಾದರೆ?

ಅಗ್ನಿಶಾಮಕ ಇಲಾಖೆಗೆ 2023ರಲ್ಲಿ 90 ಮೀಟರ್ ಎತ್ತರಕ್ಕೆ ಚಾಚುವ ಏಣಿಯ ವಾಹನ ಬಂತು. ನಾವೂ ಲೈವ್ ತೋರಿಸಿದೆವು, ಹೆಮ್ಮೆಪಟ್ಟೆವು. ಒಳ್ಳೇದೇ. ಆದರೆ ಎತ್ತರದ ಕಟ್ಟಡದ ಸುತ್ತ 6 ಮೀಟರ್ ದಾರಿ ಖಾಲಿ ಇರಬೇಕು ಅಂತ ನಿಯಮ ಯಾಕಿದೆ? ಆ ವಾಹನ ಒಳಗೆ ಬರೋಕೆ, ಕಾಲು ಊರಿ ನಿಲ್ಲೋಕೆ. ಎರಡೂ ಬದಿ ಕಾರು ನಿಂತ ಮೂವತ್ತು ಅಡಿ ಅಡ್ಡರಸ್ತೆಗೆ ಅದು ತಿರುಗುತ್ತಾ? ಏಣಿಯ ಉದ್ದ ಸರ್ಕಾರ ಕೊಟ್ಟಿತು. ರಸ್ತೆಯ ಅಗಲ ನಾವು ತಿಂದೆವು.

ಇಷ್ಟು ಹೇಳಿದ ಮೇಲೆ ನನ್ನ ಮನೆಯ ವಿಷಯ ಹೇಳದಿದ್ದರೆ ನಾನು ಸುಳ್ಳುಗಾರ ಆಗ್ತೀನಿ.

ಹೆಬ್ಬಾಳದ ಹತ್ತಿರ ಒಂದು ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ನಮ್ಮ ವಾಸ. ಅಪ್ಪ, ಅಮ್ಮ ಜೊತೆಗಿದ್ದಾರೆ. ಅಪ್ಪನಿಗೆ ಮಂಡಿ ನೋವು. 2018ರಲ್ಲಿ ನಮ್ಮ ನಿವಾಸಿಗಳ ಸಂಘದ ವಾರ್ಷಿಕ ಸಭೆ. ಕೈಯಲ್ಲಿದ್ದ ಹಣಕ್ಕೆ ಎರಡು ಪ್ರಸ್ತಾಪ. ಒಂದು, ಕಟ್ಟಡಕ್ಕೆ ಬಣ್ಣ. ಇನ್ನೊಂದು, ಫೈರ್ ಪಂಪ್ ರಿಪೇರಿ ಮತ್ತು ಪೂರ್ತಿ ಆಡಿಟ್. ನಿವೃತ್ತ ಎಂಜಿನಿಯರ್ ಒಬ್ಬರು ಎದ್ದು ಅರ್ಧ ಗಂಟೆ ಪಂಪಿನ ಬಗ್ಗೆ ಮಾತಾಡಿದರು. ನಮಗೆಲ್ಲ ಊಟದ ಹೊತ್ತು. ‘ಅಂಕಲ್, ಹನ್ನೆರಡು ವರ್ಷದಲ್ಲಿ ಒಂದು ಸಲನಾದ್ರೂ ಬೆಂಕಿ ಬಿದ್ದಿದೆಯಾ?’ ಅಂತ ಯಾರೋ ಕೇಳಿದರು. ಎಲ್ಲರೂ ನಕ್ಕರು. ಕೈ ಎತ್ತಿ ಅಂದಾಗ ನಾನು ಬಣ್ಣಕ್ಕೆ ಕೈ ಎತ್ತಿದೆ. ಕಾರ್ಲ್‌ಟನ್ ನೋಡಿದವನು ನಾನು. ಎಂಜಿನಿಯರಿಂಗ್ ಓದಿದವನು ನಾನು. ಆದರೂ ಬಣ್ಣಕ್ಕೆ ಕೈ ಎತ್ತಿದೆ. ಮರುವರ್ಷ ಯಲಹಂಕದ ಮೈದಾನದಲ್ಲಿ ನಿಂತು, ‘ಮುನ್ನೆಚ್ಚರಿಕೆ ಎಲ್ಲಿ? ಹೊಣೆ ಯಾರು?’ ಅಂತ ಗಂಟಲು ಹರಿಯುವ ಹಾಗೆ ಕೇಳಿದ್ದೂ ನಾನೇ.

ನನ್ನನ್ನ ಅಲ್ಲಾಡಿಸಿದ್ದು 2021ರ ಸೆಪ್ಟೆಂಬರ್ 21. ಬನ್ನೇರುಘಟ್ಟ ರಸ್ತೆ ಕಡೆಯ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್. ತಾಯಿ, ಮಗಳು ಇಬ್ಬರೂ ಸುಟ್ಟುಹೋದರು. ಬಾಲ್ಕನಿವರೆಗೆ ಬಂದಿದ್ದರು. ಬಾಲ್ಕನಿಗೆ ಗ್ರಿಲ್ ಇತ್ತು. ಅಕ್ಕಪಕ್ಕದವರು ಕೆಳಗೆ ನಿಂತು ನೋಡ್ತಿದ್ದಾರೆ, ಏನೂ ಮಾಡೋಕಾಗ್ತಿಲ್ಲ. ಆ ದೃಶ್ಯ ನಮ್ಮ ಸುದ್ದಿಮನೆಗೂ ಬಂತು. ಪರದೆ ಮೇಲೆ ಮಸುಕು ಮಾಡಿ ತೋರಿಸ್ತೀವಿ. ನಮಗೆ ಮಸುಕಿಲ್ಲದ್ದೇ ಬರುತ್ತೆ.

ಆ ರಾತ್ರಿ ಮನೆಗೆ ಹೋದಾಗ ಅಮ್ಮ ನಮ್ಮ ಬಾಲ್ಕನಿಯಲ್ಲಿ ನಿಂತು ಗ್ರಿಲ್ ಹಿಡಿದುಕೊಂಡಿದ್ದರು. ನನ್ನ ಮಗಳು ಹುಟ್ಟಿದಾಗ, ಮಗು ಬಿದ್ದುಬಿಟ್ಟಾತು ಅಂತ ಅಮ್ಮನೇ ಹಟ ಮಾಡಿ ಹಾಕಿಸಿದ ಗ್ರಿಲ್. ‘ಇದನ್ನ ತೆಗೀಬೇಕಾ, ಇಡಬೇಕಾ ಹೇಳಪ್ಪಾ. ನೀನು ಟಿವಿಯಲ್ಲಿ ಎಲ್ಲರಿಗೂ ಹೇಳ್ತೀಯಲ್ಲ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತೆಗೆದರೆ ಮಗುವಿಗೆ ಭಯ, ಇಟ್ಟರೆ ಎಲ್ಲರಿಗೂ ಭಯ.

ಉತ್ತರ ಕೊಟ್ಟಿದ್ದು ಅದೇ ನಿವೃತ್ತ ಎಂಜಿನಿಯರ್. ಗ್ರಿಲ್‌ನ ಒಂದು ಭಾಗಕ್ಕೆ ಬಾಗಿಲು ಮಾಡಿಸಿ, ಒಳಗಿನಿಂದ ತೆಗೆಯುವ ಚಿಲಕ ಹಾಕಿಸಿ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ. ಆದರೆ ಒಂಬತ್ತನೇ ಮಹಡಿಯಲ್ಲಿ ಬಾಲ್ಕನಿ ದಾರಿ ಅಲ್ಲ, ಅದು ಕೊನೇ ಆಸೆ. ನಿಮ್ಮ ದಾರಿ ಮೆಟ್ಟಿಲು. ಮೊದಲು ಮೆಟ್ಟಿಲು ನೋಡಿ ಅಂದರು. ಅವರೊಂದಿಗೆ ಆ ಭಾನುವಾರ ಒಂಬತ್ತು ಮಹಡಿ ನಡೆದು ಇಳಿದೆ. ಎರಡು ಮಹಡಿಯಲ್ಲಿ ಶೂ ರ‍್ಯಾಕ್. ಒಂದರಲ್ಲಿ ಮಕ್ಕಳ ಸೈಕಲ್. ಹೊಗೆ ತಡೆಯುವ ಬಾಗಿಲು ತಾನಾಗಿ ಮುಚ್ಚಬೇಕು, ಅದಕ್ಕೆ ಇಟ್ಟಿಗೆ ಇಟ್ಟು ತೆರೆದಿಟ್ಟಿದ್ದಾರೆ, ಗಾಳಿ ಬರಲಿ ಅಂತ. ಕೇಬಲ್ ಡಕ್ಟ್ ಬಾಗಿಲು ತೆಗೆದರೆ ಮೇಲಿನಿಂದ ಕೆಳಗಿನವರೆಗೆ ಕತ್ತಲು, ಒಂದು ಮಹಡಿಯಲ್ಲೂ ಮುಚ್ಚಿಲ್ಲ. ಕಾರ್ಲ್‌ಟನ್! ಹನ್ನೊಂದು ವರ್ಷ ಆದಮೇಲೂ ನನ್ನ ಮನೆಬಾಗಿಲ ಪಕ್ಕದಲ್ಲೇ ಅದೇ ಕೊಳವೆ. ಕೆಳಗೆ ಹೋಗಿ ಪಂಪ್ ಗುಂಡಿ ಒತ್ತಿದರೆ ಕಮಕ್ ಕಿಮಕ್ ಅನ್ನಲಿಲ್ಲ. ಹೊರಗೆ ಮಾತ್ರ ಬಣ್ಣ ಹೊಸದಾಗಿ ಹೊಳೀತಿತ್ತು.

ಹಳೇ ಕಟ್ಟಡಕ್ಕೆ ಏನ್ ಮಾಡೋಕಾಗುತ್ತೆ ಸಾರ್, ಒಡೆದು ಕಟ್ಟೋಕಾಗುತ್ತಾ ಅಂತ ಕೇಳುವವರಿಗೆ ನಾವು ಆಮೇಲೆ ಮಾಡಿದ್ದನ್ನ ಹೇಳ್ತೀನಿ. ಎಲ್ಲವೂ ದುಬಾರಿ ಅಲ್ಲ. ಮೊದಲ ಕೆಲಸಕ್ಕೆ ದುಡ್ಡೇ ಬೇಡ: ಮೆಟ್ಟಿಲು ಖಾಲಿ ಮಾಡೋದು, ಇಟ್ಟಿಗೆ ತೆಗೆಯೋದು, ತಾರಸಿ ಬೀಗ ತೆಗೆಯೋದು. ಅದಕ್ಕೆ ಬೇಕಾಗಿದ್ದು ಪಕ್ಕದ ಮನೆಯವರ ಜೊತೆ ಜಗಳ ಆಡುವ ಧೈರ್ಯ. ಎರಡನೆಯದು, ಪ್ರತಿ ಮಹಡಿಯಲ್ಲಿ ಕೇಬಲ್ ಡಕ್ಟ್ ಮುಚ್ಚುವುದು. ಬೆಂಕಿ ತಡೆಯುವ ಗಾರೆ, ಹಲಗೆ ಸಿಗುತ್ತೆ, ಕೆಲವೇ ದಿನದ ಕೆಲಸ. ಮೂರನೆಯದು, ವಿದ್ಯುತ್ ಲೋಡ್ ಪರೀಕ್ಷೆ. ಥರ್ಮಲ್ ಕ್ಯಾಮೆರಾ ಹಿಡಿದರೆ ಯಾವ ಜಾಯಿಂಟ್ ಕಾಯ್ತಿದೆ ಅಂತ ಕಣ್ಣಿಗೆ ಕಾಣುತ್ತೆ. ನಾಲ್ಕನೆಯದು ಪಂಪು, ಹೋಸು, ಅಲಾರಂ. ಇದಕ್ಕೆ ದುಡ್ಡು ಬೇಕು, ಎರಡು ಕಂತಿನಲ್ಲಿ ಕೊಟ್ಟೆವು. ಐದನೆಯದು ಸ್ಪ್ರಿಂಕ್ಲರ್. ಅದರ ತುದಿಯಲ್ಲಿ ಒಂದು ಕೆಂಪು ಗಾಜಿನ ಬಲ್ಬ್ ಇರುತ್ತೆ. ಸುಮಾರು 68 ಡಿಗ್ರಿ ಬಿಸಿ ತಗುಲಿದರೆ ಒಡೆದು ನೀರು ಬಿಡುತ್ತೆ. ಕರೆಂಟ್ ಬೇಡ, ಮನುಷ್ಯ ಬೇಡ. ಆದರೆ ಪೈಪಿನಲ್ಲಿ ನೀರು ಇರಬೇಕು, ಆ ಬಲ್ಬಿಗೆ ಬಣ್ಣ ಬಳಿದಿರಬಾರದು. ನಮ್ಮಲ್ಲಿ ಕೆಲವಕ್ಕೆ ಬಳಿದಿದ್ದರು. ಹೌದು, ನಾನು ಕೈ ಎತ್ತಿದ ಅದೇ ಬಣ್ಣ.

ಎಲ್ಲ ಮುಗಿದ ಮೇಲೆ ಒಂದು ಅಣಕು ಕವಾಯತು ಮಾಡಿದೆವು. ಅಲಾರಂ ಹೊಡೆಯಿತು. ಅಪ್ಪ ಗೋಡೆ ಹಿಡಿದು ಇಳಿಯೋಕೆ ಶುರು ಮಾಡಿದರು. ಐದನೇ ಮಹಡಿಗೆ ಬರುವಷ್ಟರಲ್ಲಿ ಸುಸ್ತು. ಅವರು ಮೆಟ್ಟಿಲ ಮೇಲೆ ಕೂತು, ‘ನಿಜವಾದ ಬೆಂಕಿ ಆದ್ರೆ ನನ್ನ ಬಿಟ್ಟು ನಡೀರಿ’ ಅಂದರು. ತಮಾಷೆಗೆ ಹೇಳಿದರೋ ನಿಜಕ್ಕೋ ಗೊತ್ತಿಲ್ಲ. ಅವತ್ತಿನಿಂದ ನಮ್ಮ ಸಂಘದಲ್ಲಿ ಒಂದು ಪಟ್ಟಿ ಇದೆ. ಯಾವ ಮನೆಯಲ್ಲಿ ನಡೆಯೋಕೆ ಕಷ್ಟ ಇರುವವರಿದ್ದಾರೆ, ಅವರನ್ನ ಕರೆದುಕೊಂಡು ಬರುವ ಇಬ್ಬರು ಯಾರು ಅಂತ. ಅಪ್ಪನ ಹೆಸರಿನ ಮುಂದೆ ಏಳನೇ ಮಹಡಿಯ ಇಬ್ಬರು ಹುಡುಗರ ಹೆಸರಿದೆ. ಯಾವ ಸಂಹಿತೆಯೂ ನಮ್ಮನ್ನ ಇದನ್ನ ಮಾಡಿ ಅಂತ ಒತ್ತಾಯ ಮಾಡಲಿಲ್ಲ. ಅಪ್ಪ ಮೆಟ್ಟಿಲ ಮೇಲೆ ಕೂತಿದ್ದು ಮಾಡಿಸಿತು.

ಕಾನೂನಿನ ಕಡೆಯಿಂದಲೂ ಒಂದು ಮಾತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ 94 ಮಕ್ಕಳು ಬೆಂಕಿಗೆ ಬಲಿಯಾದರು. ಅದರ ನಂತರ ಬಂದ ಅರ್ಜಿಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಅಂತ ಹೇಳಿತು. ಶಾಲೆಗೆ ಕಟ್ಟಡದ ಎತ್ತರ ಕೇಳಲಿಲ್ಲ. ಪಿಜಿಗೂ, ನರ್ಸಿಂಗ್ ಹೋಮಿಗೂ, ಟ್ಯೂಷನ್ ಸೆಂಟರಿಗೂ ನಾವು ಅದೇ ಪ್ರಶ್ನೆ ಕೇಳಬೇಕು. ಎಷ್ಟು ಮೀಟರ್ ಎತ್ತರ ಅಂತ ಅಲ್ಲ, ಒಳಗೆ ಎಷ್ಟು ಜನ ಮಲಗ್ತಾರೆ, ಹೊರಗೆ ಬರೋಕೆ ಎಷ್ಟು ದಾರಿ ಅಂತ. ಗೆರೆ ಎಳೆಯೋದಾದರೆ ಅಲ್ಲಿ ಎಳೆಯಲಿ.

ಕೊನೆಗೆ ನಮ್ಮ ಮಾಧ್ಯಮದ ತಪ್ಪು. ಹೊತ್ತಿದ ಕಟ್ಟಡ ನಮಗೆ ಮೂರು ದಿನದ ಸುದ್ದಿ. ಬ್ರೇಕಿಂಗ್, ಕೆಂಪು ಪಟ್ಟಿ, ಚರ್ಚೆ. ನಾಲ್ಕನೇ ದಿನ ಇನ್ನೇನೋ ಬರುತ್ತೆ. ಆಡಿಟ್ ಮಾಡಿಸಿದ ಕಟ್ಟಡ, ಬೀಗ ತೆಗೆದ ಬಾಗಿಲು, ಖಾಲಿ ಮಾಡಿದ ಮೆಟ್ಟಿಲು, ಇದ್ಯಾವುದೂ ಸುದ್ದಿ ಅಲ್ಲ. ಏನೂ ಆಗಲಿಲ್ಲ ಅನ್ನೋದನ್ನ ತೋರಿಸೋಕೆ ನಮ್ಮಲ್ಲಿ ದೃಶ್ಯ ಇಲ್ಲ.

ಅದಕ್ಕೇ ಇವತ್ತು ನಿಮ್ಮ ಹತ್ತಿರ ಒಂದು ಕೆಲಸ ಕೇಳ್ತೀನಿ. ಈ ಮಾತು ಮುಗಿದ ತಕ್ಷಣ ಎದ್ದು, ಚಪ್ಪಲಿ ಹಾಕ್ಕೊಂಡು, ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಕೆಳಗೆ ಇಳಿಯಿರಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಆದಷ್ಟು. ಏನೇನು ಅಡ್ಡ ಸಿಕ್ಕಿತು ಎಣಿಸಿ. ಯಾವ ಬಾಗಿಲಿಗೆ ಬೀಗ ಇದೆ, ಕೀಲಿ ಯಾರ ಹತ್ತಿರ ಇದೆ ಕೇಳಿ. ಪಿಜಿಯಲ್ಲಿ ಮಗ, ಮಗಳು ಇದ್ದರೆ ಈಗಲೇ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿದ ಮೇಲೆ ತಾರಸಿ ಬಾಗಿಲು ತೆಗೆಯುತ್ತಾ ಅಂತಲೂ ಕೇಳಿ. ಬೆಂಕಿ ಕಂಡರೆ 101 ಅಥವಾ 112.

ನಾನೂ ಇವತ್ತು ಸ್ಟುಡಿಯೋದಿಂದ ಮೆಟ್ಟಿಲಲ್ಲೇ ಇಳೀತೀನಿ. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಹಳೇ ಸೆಟ್ಟಿನ ಪ್ಲೈವುಡ್ ಹಲಗೆಗಳನ್ನ ಮೆಟ್ಟಿಲಿಗೆ ಒರಗಿಸಿಟ್ಟಿದ್ದಾರೆ. ದಿನಾ ನೋಡ್ತೀನಿ. ಇವತ್ತು ತೆಗೆಸದೆ ಮನೆಗೆ ಹೋಗಲ್ಲ.